ಸಿಡಿಲಿಗೆ ಲ್ಯಾನ್ ಪೋರ್ಟ್ ಹೋಯ್ತಾ? ಮದರ್‌ಬೋರ್ಡ್ ಬದಲಿಸುವ ಮೊದಲು ಒಂದು ಕಾರ್ಡ್ ಹಾಕಿ ನೋಡಿ

ಏಪ್ರಿಲ್ ಕೊನೆಗೆ ಘಟ್ಟದ ಕಡೆಯಿಂದ ಮೋಡ ಕಟ್ಟಿ ಸಂಜೆ ಗುಡುಗು ಶುರುವಾದರೆ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಎಲ್ಲರೂ ಮೊದಲು ಓಡುವುದು ಟಿವಿ, ಫ್ರಿಜ್ಜಿನ ಪ್ಲಗ್ ತೆಗೆಯಲಿಕ್ಕೆ. ಕಂಪ್ಯೂಟರಿನ ಪ್ಲಗ್ಗೂ ತೆಗೆಯುತ್ತಾರೆ. ಆದರೆ ರೂಟರಿನಿಂದ ಕಂಪ್ಯೂಟರಿಗೆ ಇಂಟರ್ನೆಟ್ ತರುವ ಲ್ಯಾನ್ ಕೇಬಲ್ ಹಾಗೇ ಉಳಿದುಬಿಡುತ್ತದೆ. ಮರುದಿನ ಕಂಪ್ಯೂಟರ್ ಆನ್ ಆಗುತ್ತದೆ, ವಿಂಡೋಸ್ ಬರುತ್ತದೆ, ಪ್ರಿಂಟರ್ ಓಡುತ್ತದೆ. ಇಂಟರ್ನೆಟ್ ಮಾತ್ರ ಇಲ್ಲ.

ಇಂಥ ಹೊತ್ತಲ್ಲಿ ಬಹಳ ಜನರಿಗೆ ಸಿಗುವ ಉತ್ತರ ಒಂದೇ: "ಬೋರ್ಡ್ ಹೋಗಿದೆ, ಬದಲಿಸಬೇಕು." ಐದಾರು ವರ್ಷ ಹಳೆಯ ಕಂಪ್ಯೂಟರಾದರೆ ಅದಕ್ಕೆ ಹೊಂದುವ ಹೊಸ ಬೋರ್ಡ್ ಸುಲಭಕ್ಕೆ ಸಿಗುವುದಿಲ್ಲ. ಬೇರೆ ಬೋರ್ಡ್ ಹಾಕಿದರೆ ಪ್ರೊಸೆಸರ್ ಬೇರೆ ಬೇಕು, ಕೆಲವೊಮ್ಮೆ ರ‍್ಯಾಮ್ ಕೂಡ. ಲೆಕ್ಕ ಎಲ್ಲಿಗೋ ಹೋಗುತ್ತದೆ. ಹಾಗಾಗಿ ನನ್ನ ಮಾತು ಇಷ್ಟೇ: ಬೇರೆಲ್ಲ ಸರಿ ಇದ್ದು ಲ್ಯಾನ್ ಒಂದೇ ಹೋಗಿದ್ದರೆ, ಸಾವಿರ ರೂಪಾಯಿ ಆಸುಪಾಸಿನ ಒಂದು ಲ್ಯಾನ್ ಕಾರ್ಡ್, ಅಂದರೆ ಬೇರೆ ಲ್ಯಾನ್ ಪೋರ್ಟ್ ಇರುವ ಸಣ್ಣ ಹಲಗೆ, ತಂದು ಹಾಕಿ. ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದಾದ ಕೆಲಸ ಇದು. ವೈಫೈ ಕಾರ್ಡ್, ಯುಎಸ್‌ಬಿ ಕಾರ್ಡ್, ಗ್ರಾಫಿಕ್ಸ್ ಕಾರ್ಡ್ ಹಾಕುವ ಕ್ರಮವೂ ಹೆಚ್ಚುಕಡಿಮೆ ಇದೇ. ಎಲ್ಲಿ ಬೇರೆ ಆಗುತ್ತದೋ ಅಲ್ಲಿ ಹೇಳುತ್ತೇನೆ.

ಪ್ಲಗ್ ತೆಗೆದಿದ್ದರೂ ಹೇಗೆ ಹೋಯಿತು?

ಈಗ ಮನೆಗೆ ಬರುವುದು ಫೈಬರ್ ಅಲ್ವಾ, ಗಾಜಿನ ಎಳೆಯಲ್ಲಿ ಕರೆಂಟು ಹೇಗೆ ಹರಿಯುತ್ತದೆ ಎಂದು ಕೇಳುವವರು ಇದ್ದಾರೆ. ಗಾಜಿನಲ್ಲಿ ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಫೈಬರ್ ಕೇಬಲಿನಲ್ಲಿ ಹಲವು ಸಲ ಎಳೆತ ತಡೆಯಲು ಉಕ್ಕಿನ ತಂತಿ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಫೈಬರ್ ಬಂದು ಸೇರುವ ಪೆಟ್ಟಿಗೆಗೂ ರೂಟರಿಗೂ ಅಡಾಪ್ಟರ್ ಉಂಟು, ಅದು ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಕರೆಂಟಿನ ಲೈನಿನಲ್ಲಿ ಬಂದ ಹೊಡೆತ ಅಡಾಪ್ಟರ್ ದಾಟಿ, ರೂಟರ್ ದಾಟಿ, ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿಗೆ ಬರುತ್ತದೆ. ಕೆಳಮನೆಯಿಂದ ಮೇಲ್ಮಹಡಿಗೆ, ಮನೆಯಿಂದ ಪಕ್ಕದ ಅಂಗಡಿಗೆ ಎಂದು ಉದ್ದ ಎಳೆದ ಕೇಬಲಿನಲ್ಲಿ ಸಿಡಿಲಿನ ಹೊತ್ತಿಗೆ ತಾನಾಗಿಯೇ ವೋಲ್ಟೇಜ್ ಹುಟ್ಟುವುದೂ ಉಂಟು.

ಲ್ಯಾನ್ ಪೋರ್ಟಿನ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳು ಇರುತ್ತವೆ. 1500 ವೋಲ್ಟ್ ತನಕ ತಡೆಯುವಂತೆ ಅವನ್ನು ಮಾಡಿರುತ್ತಾರೆ. ಸಿಡಿಲಿನ ಹೊಡೆತ ಅದನ್ನು ಮೀರಿದಾಗ ಹಿಂದಿರುವ ಲ್ಯಾನ್ ಚಿಪ್ ಸುಡುತ್ತದೆ. ಎಷ್ಟೋ ಸಲ ಹಾನಿ ಅಲ್ಲಿಗೇ ನಿಲ್ಲುತ್ತದೆ. ಬೋರ್ಡಿನ ಉಳಿದ ಭಾಗಕ್ಕೆ ಏನೂ ಆಗಿರುವುದಿಲ್ಲ. ಅದಕ್ಕೇ ಕಾರ್ಡ್ ಹಾಕಿದರೆ ಸಾಕಾಗುವುದು.

ಹೋಗಿದ್ದು ಕಂಪ್ಯೂಟರಿನದ್ದೇನಾ ಎಂದು ಮೊದಲು ನೋಡಿ

ಕಾರ್ಡ್ ತರುವ ಮೊದಲು ಒಂದು ಹತ್ತು ನಿಮಿಷ ಇದಕ್ಕೆ ಕೊಡಿ. ರೂಟರಿನ ಪೋರ್ಟ್ ಸುಟ್ಟಿದ್ದರೆ ಹೊಸ ಕಾರ್ಡ್ ಹಾಕಿಯೂ ಪ್ರಯೋಜನ ಇಲ್ಲ. ಅದೇ ಕೇಬಲನ್ನು ಒಂದು ಲ್ಯಾಪ್‌ಟಾಪಿಗೆ ಹಾಕಿ. ಅಲ್ಲಿ ಇಂಟರ್ನೆಟ್ ಬಂದರೆ ರೂಟರೂ ಸರಿ, ಕೇಬಲೂ ಸರಿ. ಬಾರದಿದ್ದರೆ ರೂಟರಿನ ಬೇರೆ ಪೋರ್ಟಿಗೆ ಚುಚ್ಚಿ ನೋಡಿ, ಬೇರೆ ಕೇಬಲ್ ಹಾಕಿ ನೋಡಿ. ಸಿಡಿಲು ಎರಡೂ ತುದಿಯನ್ನು ಒಟ್ಟಿಗೆ ಸುಡುವುದು ಸಾಮಾನ್ಯ.

ಕಂಪ್ಯೂಟರಿನ ಹಿಂಬದಿಯ ಲ್ಯಾನ್ ಪೋರ್ಟಿನಲ್ಲಿ ಕೇಬಲ್ ಹಾಕಿದಾಗ ಸಣ್ಣ ಲೈಟ್ ಹೊತ್ತುತ್ತದೆಯಾ ನೋಡಿ. ಆಮೇಲೆ ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ರಿಯಲ್‌ಟೆಕ್ ಅಥವಾ ಇಂಟೆಲ್ ಹೆಸರಿನ ಸಾಲು ಪೂರ್ತಿ ಮಾಯವಾಗಿದ್ದರೆ ಚಿಪ್ ಸತ್ತಿರುವ ಸಾಧ್ಯತೆ ಜಾಸ್ತಿ. ಸಾಲು ಇದ್ದೂ ಹಳದಿ ಗುರುತು ಬಂದಿದ್ದರೆ ಡ್ರೈವರ್ (ಆ ಚಿಪ್ಪನ್ನು ವಿಂಡೋಸ್‌ನಿಂದ ಓಡಿಸುವ ಸಾಫ್ಟ್‌ವೇರ್) ಒಮ್ಮೆ ತೆಗೆದು ಮತ್ತೆ ಹಾಕಿ ನೋಡಿ. ಸುಮ್ನೆ ಡ್ರೈವರ್ ಕೆಟ್ಟಿರಲೂಬಹುದು.

ಯಾವ ಕಾರ್ಡ್ ತರಬೇಕು

ಅಂಗಡಿಗೆ ಹೋಗುವ ಮೊದಲು ಕ್ಯಾಬಿನೆಟ್ ತೆರೆದು ಮೊಬೈಲಿನಲ್ಲಿ ಎರಡು ಫೋಟೋ ತೆಗೆದುಕೊಳ್ಳಿ: ಒಂದು ಬೋರ್ಡಿನ ಸ್ಲಾಟುಗಳದ್ದು (ಕಾರ್ಡ್ ಕೂರಿಸುವ ಉದ್ದದ ಸೀಳುಗಳು), ಒಂದು ಕ್ಯಾಬಿನೆಟ್ ಹಿಂಬದಿಯದ್ದು. ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಉಡುಪಿಯಲ್ಲಾಗಲಿ, ಕೌಂಟರಿನಲ್ಲಿ ನಿಂತು ಬಾಯಲ್ಲಿ ವಿವರಿಸುವುದಕ್ಕಿಂತ ಆ ಫೋಟೋ ತೋರಿಸಿದರೆ ಕೆಲಸ ಬೇಗ ಮುಗಿಯುತ್ತದೆ.

ಈಗಿನ ಬೋರ್ಡುಗಳಲ್ಲಿ ಇರುವುದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್. 1992ರಲ್ಲಿ ಬಂದ ಹಳೆಯ ಪಿಸಿಐ ಜಾಗಕ್ಕೆ 2003ರಲ್ಲಿ ಇದು ಬಂತು. ಹೆಸರು ಹತ್ತಿರ ಇದ್ದರೂ ಒಂದರ ಕಾರ್ಡ್ ಇನ್ನೊಂದರಲ್ಲಿ ಕೂರುವುದಿಲ್ಲ. ಅಂಗಡಿಯವರು "ಪಿಸಿಐ ಕಾರ್ಡ್" ಎಂದು ಒಟ್ಟಾರೆ ಹೇಳುವುದು ರೂಢಿ, ಹಾಗಾಗಿ ಡಬ್ಬಿಯ ಮೇಲೆ ಎಕ್ಸ್‌ಪ್ರೆಸ್ ಎಂದು ಇದೆಯಾ ನೀವೇ ಓದಿ. ತುಂಬ ಹಳೆಯ ಬೋರ್ಡಿನಲ್ಲಿ ಬಿಳಿ ಬಣ್ಣದ ಉದ್ದ ಪಿಸಿಐ ಸ್ಲಾಟ್ ಮಾತ್ರ ಖಾಲಿ ಇದ್ದರೆ ಆಗ ಹಳೆ ಪಿಸಿಐ ಕಾರ್ಡೇ ಬೇಕಾಗುತ್ತದೆ.

ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಉದ್ದ ಬೇರೆ ಬೇರೆ. ಅತಿ ಚಿಕ್ಕದು ಎಕ್ಸ್1, ಸುಮಾರು ಎರಡೂವರೆ ಸೆಂಟಿಮೀಟರ್. ಗ್ರಾಫಿಕ್ಸ್ ಕಾರ್ಡ್ ಕೂರುವ ಎಕ್ಸ್16 ಸುಮಾರು ಒಂಬತ್ತು ಸೆಂಟಿಮೀಟರ್. ಲ್ಯಾನ್ ಕಾರ್ಡಿಗೆ ಎಕ್ಸ್1 ಸಾಕು. ಚಿಕ್ಕ ಸ್ಲಾಟ್ ಖಾಲಿ ಇಲ್ಲ, ಅಥವಾ ದಪ್ಪ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ ಮುಚ್ಚಿ ಹೋಗಿದೆ ಎಂದಾದರೆ ಯೋಚನೆ ಬೇಡ, ಎಕ್ಸ್1 ಕಾರ್ಡನ್ನು ಉದ್ದದ ಸ್ಲಾಟಿನಲ್ಲೂ ಹಾಕಬಹುದು. ಉಳಿದ ಜಾಗ ಖಾಲಿ ಇರುತ್ತದೆ ಅಷ್ಟೇ.

ವೇಗದ ಚಿಂತೆಯೂ ಬೇಡ. ಗಿಗಾಬಿಟ್ ಎಂದರೆ ಸೆಕೆಂಡಿಗೆ 125 ಮೆಗಾಬೈಟ್. ಮೊದಲ ತಲೆಮಾರಿನ ಎಕ್ಸ್1 ಸ್ಲಾಟ್ ಕೂಡ 250 ಮೆಗಾಬೈಟ್ ಸಾಗಿಸುತ್ತದೆ. ಹೊಸ ಕಾರ್ಡ್ ಹಳೆ ಸ್ಲಾಟಿಗೂ, ಹಳೆ ಕಾರ್ಡ್ ಹೊಸ ಸ್ಲಾಟಿಗೂ ಹೊಂದುತ್ತದೆ. 2.5 ಗಿಗಾಬಿಟ್ ಕಾರ್ಡ್ ಕೊಳ್ಳುವ ಆಸೆ ಇದ್ದರೆ ಮಾತ್ರ ಸ್ಲಾಟ್ ಎರಡನೇ ತಲೆಮಾರಿನದ್ದಾದರೂ ಆಗಿರಬೇಕು. ಆದರೆ ನಿಮ್ಮ ರೂಟರಿನಲ್ಲಿ ಅಷ್ಟು ವೇಗದ ಪೋರ್ಟ್ ಇಲ್ಲದಿದ್ದರೆ ಆ ದುಡ್ಡು ದಂಡ.

ಚಿಪ್ ರಿಯಲ್‌ಟೆಕ್ 8111 ಸರಣಿಯದ್ದಾದರೆ ಒಳ್ಳೆಯದು. ವಿಂಡೋಸ್ 10, 11 ಸಾಮಾನ್ಯವಾಗಿ ತಾವೇ ಗುರುತಿಸುತ್ತವೆ, ಲಿನಕ್ಸ್‌ನಲ್ಲೂ ಡ್ರೈವರ್ ಮೊದಲೇ ಇರುತ್ತದೆ. ಇಂಟೆಲ್ ಚಿಪ್ಪಿನ ಕಾರ್ಡುಗಳೂ ಒಳ್ಳೆಯವು, ಬೆಲೆ ಸ್ವಲ್ಪ ಜಾಸ್ತಿ.

ಇನ್ನು ಎತ್ತರ. ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪುಗಳನ್ನು ಈಗ ಎಷ್ಟೋ ಮನೆ, ಅಂಗಡಿಗಳಲ್ಲಿ ನೋಡುತ್ತೇವೆ. ಅವುಗಳಲ್ಲಿ ಸಪೂರ ಇರುವಂಥವಕ್ಕೆ ಮಾಮೂಲಿ ಕಾರ್ಡ್ ಕೂರುವುದಿಲ್ಲ. ಮಾಮೂಲಿ ಕಾರ್ಡಿನ ತಗಡಿನ ಪಟ್ಟಿ ಸುಮಾರು 12 ಸೆಂಟಿಮೀಟರ್ ಉದ್ದ, ಸಪೂರ ಕ್ಯಾಬಿನೆಟ್ಟಿಗೆ ಬೇಕಾದ್ದು ಸುಮಾರು 8. ಕೆಲವು ಲ್ಯಾನ್ ಕಾರ್ಡುಗಳ ಡಬ್ಬಿಯಲ್ಲಿ ಎರಡೂ ಪಟ್ಟಿ ಕೊಟ್ಟಿರುತ್ತಾರೆ. "ಲೋ ಪ್ರೊಫೈಲ್ ಬ್ರ್ಯಾಕೆಟ್ ಉಂಟಾ?" ಎಂದು ಕೇಳಿಯೇ ತನ್ನಿ. ಅಂಗೈಯಗಲದ ಮಿನಿ ಪಿಸಿಗಳಲ್ಲಿ ಸಾಮಾನ್ಯವಾಗಿ ಇಂಥ ಸ್ಲಾಟೇ ಇರುವುದಿಲ್ಲ. ಅವಕ್ಕೆ ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಸರಿ.

ಕೈಹತ್ತಿರ ಇರಬೇಕಾದ್ದು

ಸ್ಟಾರ್ ಸ್ಕ್ರೂಡ್ರೈವರ್, ಮೆತ್ತಗಿನ ಒಣ ಬ್ರಷ್, ಟಾರ್ಚ್, ಸ್ಕ್ರೂ ಹಾಕಿಡಲು ಒಂದು ಬಟ್ಟಲು, ಕಿವಿಗೆ ಬಳಸುವ ಕಾಟನ್ ಬಡ್, ಒಂದು ಒಣ ಬಟ್ಟೆ. ಬಟ್ಟೆ ಬೆವರಿಗೆ. ನಮ್ಮ ಕಡೆಯ ಸೆಖೆಯಲ್ಲಿ ಬೆವರಿದ ಬೆರಳಿನಿಂದ ಕಾರ್ಡಿನ ಚಿನ್ನದ ಬಣ್ಣದ ಪಿನ್ನುಗಳನ್ನು ಮುಟ್ಟಿದರೆ ಉಪ್ಪಿನಂಶ ಅಲ್ಲೇ ಕೂರುತ್ತದೆ. ಕೈ ಒರೆಸಿಕೊಂಡು, ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ.

ಕಾರ್ಡನ್ನು ಎಸಿ ಅಂಗಡಿಯಿಂದ ಮಳೆಗಾಲದ ದಿನ ತಂದಿದ್ದರೆ ಡಬ್ಬಿ ತೆರೆಯದೆ ಅರ್ಧ ಗಂಟೆ ಮನೆಯೊಳಗೆ ಇಡಿ. ತಣ್ಣಗಿನ ವಸ್ತುವಿನ ಮೇಲೆ ನಮ್ಮ ತೇವದ ಗಾಳಿ ಬೆವರಿನಂತೆ ಕೂರುತ್ತದೆ. ಮನೆಯ ಬಿಸಿಗೆ ಬಂದ ಮೇಲೆ ತೆರೆದರೆ ಆ ಭಯ ಇಲ್ಲ.

ಬಿಚ್ಚುವುದು

ಮೊದಲು ಶಟ್‌ಡೌನ್. ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಹಿಂದಿನ ಸ್ವಿಚ್ ಆಫ್ ಮಾಡಿ, ಪವರ್ ಕೇಬಲನ್ನೇ ಕಿತ್ತು ಬದಿಗಿಡಿ. ಯುಪಿಎಸ್ ಇದ್ದರೆ ಅದನ್ನು ಆಫ್ ಮಾಡಿದರೆ ಸಾಲದು, ಕೇಬಲ್ ತೆಗೆಯಲೇಬೇಕು. ಮಾನಿಟರ್, ಲ್ಯಾನ್, ಪ್ರಿಂಟರ್ ಎಲ್ಲ ತೆಗೆಯಿರಿ. ಈಗ ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಅಲ್ಪಸ್ವಲ್ಪ ಕರೆಂಟ್ ಖಾಲಿಯಾಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಒಳಗೆ ಜೀವಕ್ಕೆ ಅಪಾಯ ಮಾಡುವಷ್ಟು ವೋಲ್ಟೇಜ್ ಉಳಿದಿರಬಹುದು.

ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಬೋರ್ಡ್ ಕೆಳಗೆ, ತೆರೆಯುವ ಬದಿ ಮೇಲೆ. ನಿಲ್ಲಿಸಿಕೊಂಡು ಕಾರ್ಡ್ ಒತ್ತಿದರೆ ಅದು ಸೊಟ್ಟಗೆ ಹೋಗುವುದೇ ಜಾಸ್ತಿ. ಪಕ್ಕದ ತಗಡಿನ ಹಿಂಬದಿಯ ಎರಡು ಸ್ಕ್ರೂ ತೆಗೆದು ಹಿಂದಕ್ಕೆ ಎಳೆದರೆ ತೆರೆಯುತ್ತದೆ. ಕೆಲವು ಬ್ರ್ಯಾಂಡೆಡ್ ಡೆಸ್ಕ್‌ಟಾಪುಗಳಲ್ಲಿ ಸ್ಕ್ರೂ ಇಲ್ಲ, ಒಂದು ಹಿಡಿಕೆ ಎತ್ತಿದರೆ ಸಾಕು.

ತೆರೆದ ಕೂಡಲೇ ಬಣ್ಣ ಇಲ್ಲದ ಕಬ್ಬಿಣದ ಭಾಗವನ್ನು ಬರಿಗೈಯಲ್ಲಿ ಮುಟ್ಟಿ. ಮೈಯಲ್ಲಿನ ಸ್ಟ್ಯಾಟಿಕ್ ಅಲ್ಲಿಗೆ ಇಳಿಯುತ್ತದೆ. ತೇವದ ಗಾಳಿಯಿಂದಾಗಿ ಕರಾವಳಿಯಲ್ಲಿ ಸ್ಟ್ಯಾಟಿಕ್ ಕಾಟ ಕಮ್ಮಿ, ಆದರೆ ದಿನವಿಡೀ ಎಸಿ ಓಡುವ ಆಫೀಸಿನಲ್ಲಿ ಗಾಳಿ ಒಣಗಿರುತ್ತದೆ. ಕೆಲಸದ ಮಧ್ಯೆ ಎದ್ದು ಹೋಗಿ ಬಂದರೆ ಮತ್ತೆ ಮುಟ್ಟಿ.

ಒಳಗೆ ಏನು ಕಾಣುತ್ತದೆ ಎಂದು ಹೇಳಿಬಿಡುತ್ತೇನೆ, ಗಾಬರಿ ಬೇಡ. ವರ್ಷಗಟ್ಟಲೆ ತೆರೆಯದ ಕ್ಯಾಬಿನೆಟ್ಟಿನಲ್ಲಿ ಫ್ಯಾನಿನ ರೆಕ್ಕೆಗೆ ಬೂದು ಧೂಳು ಕಂಬಳಿಯ ಹಾಗೆ ಅಂಟಿರುತ್ತದೆ. ಸ್ಲಾಟಿನ ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಬಿಳಿ ಚಿಪ್ಪು, ಕೇಬಲ್ ಕಟ್ಟಿನ ಹಿಂದೆ ಜಿರಳೆಯ ಹಿಕ್ಕೆ, ಕೆಲವೊಮ್ಮೆ ಇರುವೆ ಸಾಲು. ಹಲ್ಲಿ ಹಿಕ್ಕೆ ಬೋರ್ಡಿನ ಮೇಲೆ ಬಿದ್ದಲ್ಲಿ ಹಸಿರು ಕಿಲುಬು ಹಿಡಿದಿರುವುದನ್ನೂ ನೋಡಬಹುದು. ಕಾರ್ಡ್ ಹಾಕುವ ಮೊದಲು ಇದನ್ನೆಲ್ಲ ಬ್ರಷ್ಷಿನಿಂದ ಮೆಲ್ಲ ಗುಡಿಸಿ ತೆಗೆಯಿರಿ. ಬ್ಲೋವರ್ ಬಳಸುವುದಾದರೆ ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಲ್ಲಿ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ವಿಪರೀತ ತಿರುಗಿ ಬೇರಿಂಗ್ ಹಾಳಾಗಬಾರದು. ಬಾಯಿಂದ ಊದಬೇಡಿ, ಎಂಜಲಿನ ಹನಿ ಹೋಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ.

ಹಿಂದಿನ ತಗಡಿನ ಪಟ್ಟಿ ತೆಗೆಯುವುದು

ಈ ಸಣ್ಣ ಕೆಲಸ ನಮ್ಮ ಊರಲ್ಲಿ ಕೆಲವೊಮ್ಮೆ ಕಾರ್ಡ್ ಹಾಕುವುದಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ನೀವು ಆರಿಸಿದ ಸ್ಲಾಟಿಗೆ ನೇರ ಇರುವ ಪಟ್ಟಿಯನ್ನು ಹಿಂಬದಿಯಿಂದ ತೆಗೆಯಬೇಕು. ಮಲ್ಪೆ, ಪಣಂಬೂರು, ಉಳ್ಳಾಲದಂಥ ಸಮುದ್ರದ ಹತ್ತಿರದ ಮನೆಗಳಲ್ಲಿ ಆ ಪಟ್ಟಿಯ ಸ್ಕ್ರೂ ತುಕ್ಕು ಹಿಡಿದು ಕೂತಿರುತ್ತದೆ. ಅಳತೆಗೆ ಸರಿಯಾದ ಸ್ಕ್ರೂಡ್ರೈವರನ್ನು ನೆಟ್ಟಗೆ ಇಟ್ಟು, ತಿರುಗಿಸುವುದಕ್ಕಿಂತ ಹೆಚ್ಚಿನ ಬಲವನ್ನು ಕೆಳಕ್ಕೆ ಒತ್ತುವುದರಲ್ಲಿ ಹಾಕಿ. ಹಾಗೆ ಮಾಡಿದರೆ ತಲೆ ಸವೆಯುವುದಿಲ್ಲ. ಆಗಲೂ ಬಾರದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಕಾಟನ್ ಬಡ್ಡಿಗೆ ಹಚ್ಚಿ ಸ್ಕ್ರೂ ತಲೆಗೆ ಮಾತ್ರ ಸವರಿ, ಹತ್ತು ನಿಮಿಷ ಬಿಡಿ. ಕ್ಯಾಬಿನೆಟ್ ಒಳಗೆ ಸ್ಪ್ರೇ ಹೊಡೆಯಬೇಡಿ.

ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಸ್ಕ್ರೂ ಇರುವುದಿಲ್ಲ, ಪಟ್ಟಿ ತಗಡಿಗೇ ಅಂಟಿಕೊಂಡಿರುತ್ತದೆ. ಅದನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದು ತೆಗೆಯಬೇಕು. ಮುರಿದ ಅಂಚು ಬ್ಲೇಡಿನಷ್ಟು ಹರಿತ, ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ. ಮುರಿಯುವಾಗ ಮಾತ್ರ ಕ್ಯಾಬಿನೆಟ್ಟನ್ನು ನಿಲ್ಲಿಸಿ, ಪಟ್ಟಿಯನ್ನು ಹೊರಕ್ಕೆ ಎಳೆಯಿರಿ. ತಗಡಿನ ಚೂರು ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಸ್ಕ್ರೂ ಹಾಕುವ ಬಗೆಯ ಪಟ್ಟಿಯಾಗಿದ್ದರೆ ಅದನ್ನು ಎಸೆಯದೆ ಎತ್ತಿಡಿ. ನಾಳೆ ಕಾರ್ಡ್ ತೆಗೆದರೆ ಆ ಕಿಂಡಿ ಮುಚ್ಚಲು ಬೇಕು, ಇಲ್ಲದಿದ್ದರೆ ಹಲ್ಲಿಗೆ ಅದೇ ಬಾಗಿಲು.

ಕಾರ್ಡ್ ಕೂರಿಸುವುದು

ಈಗ ಮುಖ್ಯ ಕೆಲಸ. ಕಾರ್ಡಿನ ತಗಡಿನ ಕೆಳತುದಿ ಸಪೂರ ನಾಲಿಗೆಯಂತೆ ಇರುತ್ತದೆ. ಅದು ಬೋರ್ಡಿನ ಅಂಚಿಗೂ ಕ್ಯಾಬಿನೆಟ್ ಗೋಡೆಗೂ ನಡುವಿನ ಸಂದಿಯಲ್ಲಿ ಇಳಿಯಬೇಕು. ಮೊದಲು ಅದನ್ನು ಇಳಿಸಿ. ಆಮೇಲೆ ಕಾರ್ಡಿನ ಪಿನ್ನುಗಳ ನಡುವಿನ ಸೀಳನ್ನು ಸ್ಲಾಟಿನ ಒಳಗಿನ ಅಡ್ಡಗೋಡೆಗೆ ನೇರ ಮಾಡಿ. ಟಾರ್ಚ್ ಬಿಟ್ಟು ಬದಿಯಿಂದ ನೋಡಿ. ಎರಡೂ ನೇರ ಆದ ಮೇಲೆ ಕಾರ್ಡಿನ ಮೇಲಂಚಿನ ಎರಡು ತುದಿಯಲ್ಲಿ ಎರಡು ಹೆಬ್ಬೆರಳು ಇಟ್ಟು ಸಮನಾಗಿ ಕೆಳಕ್ಕೆ ಒತ್ತಿ. ಆಚೀಚೆ ಅಲ್ಲಾಡಿಸಬೇಡಿ. ಚಿಪ್ಪಿನ ಮೇಲೆ ಬೆರಳಿಡಬೇಡಿ.

ಒಂದು ಹಂತದಲ್ಲಿ "ಟಕ್" ಎಂದು ಇಳಿದದ್ದು ಕೈಗೆ ಗೊತ್ತಾಗುತ್ತದೆ. ಸರಿಯಾಗಿ ಕೂತಿದ್ದರೆ ಚಿನ್ನದ ಬಣ್ಣ ಹೊರಗೆ ಕಾಣುವುದಿಲ್ಲ, ಕಂಡರೂ ಕೂದಲೆಳೆಯಷ್ಟು, ಅದೂ ಈ ತುದಿಯಿಂದ ಆ ತುದಿಗೆ ಸಮ. ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಕಂಡರೆ ಸೊಟ್ಟ ಕೂತಿದೆ ಎಂದರ್ಥ. ಎತ್ತಿ ಮತ್ತೆ ಇಳಿಸಿ. ಒತ್ತಿದಾಗ ಬೋರ್ಡೇ ಬಗ್ಗುವಷ್ಟು ಬಲ ಬೇಕಾದರೆ ಎಲ್ಲೋ ತಡೆ ಇದೆ. ಹೆಚ್ಚಾಗಿ ಆ ತಗಡಿನ ನಾಲಿಗೆ ಸಂದಿಗೆ ಇಳಿಯದೆ ಬೋರ್ಡಿನ ಮೇಲೆ ಕೂತಿರುತ್ತದೆ.

ಕಾರ್ಡ್ ಹಳೆಯದಾಗಿದ್ದು ಪಿನ್ ಮಂಕಾಗಿದ್ದರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಒಂದೇ ದಿಕ್ಕಿಗೆ ಉಜ್ಜಿ, ಪುಡಿಯನ್ನು ಪೂರ್ತಿ ಕೊಡವಿ. ಹೊಸ ಕಾರ್ಡಿಗೆ ಇದು ಬೇಡ. ಸ್ಲಾಟಿನ ಒಳಗೆ ಪೇಪರ್, ಬಟ್ಟೆ ತೂರಿಸಿ ಉಜ್ಜಬಾರದು, ಒಳಗಿನ ಸಣ್ಣ ಸ್ಪ್ರಿಂಗ್ ಪಿನ್ ಬಗ್ಗಿದರೆ ಆ ಸ್ಲಾಟ್ ಮುಗಿಯಿತು.

ಇನ್ನು ಕಾರ್ಡಿನ ತಗಡಿನ ಪಟ್ಟಿಯನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಸ್ಕ್ರೂ. ಇದನ್ನು ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಕಾರ್ಡ್ ನೋಡುವವರು ಕಮ್ಮಿ, ಹೆಚ್ಚಿನ ತೊಂದರೆ ಹುಟ್ಟುವುದೂ ಇಲ್ಲೇ. ಕಾಪುವಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು ಫೋನ್ ಮಾಡಿದ್ದರು. "ಕಾರ್ಡ್ ಹಾಕಿದೆ ಮಾರಾಯ್ರೆ, ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಡೂಪ್ಲಿಕೇಟ್ ಕೊಟ್ಟರಾ ಎಂತ?"

"ಸ್ಕ್ರೂ ಬಿಗಿ ಮಾಡಿದ ಮೇಲೆ ಕಾರ್ಡಿನ ಒಳತುದಿ ನೋಡಿದ್ರಾ?" ಎಂದೆ.

"ಬಿಗಿ ಉಂಟು, ಅಲ್ಲಾಡುವುದೇ ಇಲ್ಲ."

"ಸ್ಕ್ರೂ ಒಂದು ಸುತ್ತು ಸಡಿಲ ಮಾಡಿ, ಒಳತುದಿಯನ್ನು ಒಮ್ಮೆ ಒತ್ತಿ ನೋಡಿ."

ಸ್ವಲ್ಪ ಹೊತ್ತಿಗೆ ಅವರೇ ಹೇಳಿದರು, "ಹೌದು, ಇಳಿಯಿತು." ಕ್ಯಾಬಿನೆಟ್ ತಗಡು ಸ್ವಲ್ಪ ಸೊಟ್ಟ ಇದ್ದರೆ ಸ್ಕ್ರೂ ಬಿಗಿ ಮಾಡುವಾಗ ಕಾರ್ಡಿನ ಹೊರಬದಿ ಕೆಳಕ್ಕೆ ಹೋಗಿ, ಒಳತುದಿ ಮೇಲೆ ಏಳುತ್ತದೆ. ಕೈಗೆ ಬಿಗಿ ಅನಿಸುತ್ತದೆ, ಒಳಗೆ ಪಿನ್ ಮುಟ್ಟಿರುವುದಿಲ್ಲ. ಹಾಗಾದಲ್ಲಿ ಸ್ಕ್ರೂವನ್ನು ಹಗುರಕ್ಕೆ ನಿಲ್ಲಿಸಿ, ಅಥವಾ ತಗಡಿನ ಪಟ್ಟಿಯನ್ನು ಬೆರಳಿನಲ್ಲಿ ತುಸು ಬಗ್ಗಿಸಿ ಹೊಂದಿಸಿ.

ಗ್ರಾಫಿಕ್ಸ್ ಕಾರ್ಡ್ ಆದರೆ

ಇಲ್ಲಿ ಎರಡು ವಿಷಯ ಬೇರೆ. ಎಕ್ಸ್16 ಸ್ಲಾಟಿನ ಒಳತುದಿಯಲ್ಲಿ ಒಂದು ಲಾಕ್ ಇರುತ್ತದೆ, ಕಾರ್ಡ್ ಕೂತಾಗ ತಾನೇ ಬೀಳುತ್ತದೆ. ತೆಗೆಯುವಾಗ ಅದನ್ನು ಒತ್ತಿ ಬಿಡಿಸದೆ ಎಳೆದರೆ ಸ್ಲಾಟ್ ಕಿತ್ತು ಬರುತ್ತದೆ.

ಎರಡನೆಯದು ಕರೆಂಟ್. ಸ್ಲಾಟಿನಿಂದ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಜಿಟಿ 1030 ಕಾರ್ಡಿಗೆ 30 ವ್ಯಾಟ್ ಸಾಕು, ಹಾಗಾಗಿ ಬೇರೆ ವೈರ್ ಬೇಡ. ಆರ್‌ಟಿಎಕ್ಸ್ 3060ಗೆ 170 ವ್ಯಾಟ್ ಬೇಕು, ಅದಕ್ಕೆ ಎಸ್‌ಎಂಪಿಎಸ್‌ನಿಂದ ನೇರ ವೈರ್ ಬರಬೇಕು. 6 ಪಿನ್ ವೈರ್ 75 ವ್ಯಾಟ್, 8 ಪಿನ್ ವೈರ್ 150 ವ್ಯಾಟ್ ಕೊಡುತ್ತದೆ. ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪುಗಳಲ್ಲಿ ಹೆಚ್ಚಾಗಿ ಈ ವೈರೇ ಇರುವುದಿಲ್ಲ. ಕೊಳ್ಳುವ ಮೊದಲೇ ನೋಡಿ.

ಪ್ರೊಸೆಸರಿಗೆ ಹೋಗುವ 8 ಪಿನ್ ವೈರೂ ನೋಡಲು ಹಾಗೇ ಇರುತ್ತದೆ. ಅದು ನಾಲ್ಕು ಮತ್ತು ನಾಲ್ಕಾಗಿ ಬೇರೆಯಾಗುತ್ತದೆ, ಗ್ರಾಫಿಕ್ಸ್ ವೈರ್ ಆರು ಮತ್ತು ಎರಡಾಗಿ. ಎರಡರಲ್ಲೂ ಪ್ಲಸ್ ಮೈನಸ್ ಜಾಗ ಅದಲು ಬದಲು. ಬಲ ಹಾಕಿ ತುರುಕಿದರೆ ನೇರ ಶಾರ್ಟ್. ಸಲೀಸಾಗಿ ಹೋಗದ ಕನೆಕ್ಟರನ್ನು ಒತ್ತಬೇಡಿ. ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲನ್ನು ಬೋರ್ಡಿನ ಪೋರ್ಟಿಗಲ್ಲ, ಕಾರ್ಡಿನ ಪೋರ್ಟಿಗೆ ಚುಚ್ಚಬೇಕು.

ಮೊದಲ ಸಲ ಆನ್ ಮಾಡುವಾಗ

ತಗಡು ಮುಚ್ಚದೆ, ಕೈ ಒಳಗಿಡದೆ ಆನ್ ಮಾಡಿ. ಬಟ್ಟಲಿನಲ್ಲಿ ಉಳಿದ ಸ್ಕ್ರೂ ಎಲ್ಲಿಯದ್ದು ಎಂದು ಗೊತ್ತಾಗದಿದ್ದರೆ ಅದು ತಿಳಿಯುವ ತನಕ ಆನ್ ಮಾಡಬೇಡಿ. ಬೀಪ್ ಬಂದು ಡಿಸ್‌ಪ್ಲೇ ಬಾರದಿದ್ದರೆ ಪ್ಲಗ್ ತೆಗೆದು ಕಾರ್ಡ್ ಒಮ್ಮೆ ಹೊರಗಿಟ್ಟು ನೋಡಿ. ಆಗಲೂ ಬಾರದಿದ್ದರೆ ಸ್ವಚ್ಛ ಮಾಡುವಾಗ ರ‍್ಯಾಮ್ ಸಡಿಲ ಆಗಿರಬಹುದು, ತೆಗೆದು ಹಾಕಿ.

ಲ್ಯಾನ್ ಕಾರ್ಡ್ ಹಾಕಿದವರು ಈಗ ಒಂದು ಕೆಲಸ ಮರೆಯಬಾರದು. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್) ಹೋಗಿ ಬೋರ್ಡಿನ ಹಳೆ ಲ್ಯಾನನ್ನು ಡಿಸೇಬಲ್ ಮಾಡಿ. ಆನ್‌ಬೋರ್ಡ್ ಲ್ಯಾನ್ ಎಂದೋ ಇಂಟಿಗ್ರೇಟೆಡ್ ಎನ್‌ಐಸಿ ಎಂದೋ ಹೆಸರಿರುತ್ತದೆ. ಅರ್ಧ ಸತ್ತ ಚಿಪ್ ಬೂಟ್ ನಿಧಾನ ಮಾಡುತ್ತದೆ, ಕೆಲವೊಮ್ಮೆ ಕಂಪ್ಯೂಟರನ್ನೇ ಹ್ಯಾಂಗ್ ಮಾಡುತ್ತದೆ. ಹೊಸ ಕಾರ್ಡ್ ಡಿವೈಸ್ ಮ್ಯಾನೇಜರಿನಲ್ಲಿ ಕಾಣದಿದ್ದರೆ ಬೋರ್ಡಿನ ಮ್ಯಾನ್ಯುವಲ್ ನೋಡಿ. ಕೆಲವು ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದು ಎಕ್ಸ್1 ಸ್ಲಾಟ್ ಬಂದ್ ಆಗುತ್ತದೆ. ಆಗ ಬೇರೆ ಸ್ಲಾಟಿಗೆ ಬದಲಿಸಿದರೆ ಆಯಿತು.

ವಿಂಡೋಸ್ ಡ್ರೈವರ್ ಕೇಳಿದರೆ ಇಂಟರ್ನೆಟ್ಟೇ ಇಲ್ಲದೆ ಇಳಿಸುವುದು ಹೇಗೆ? ಮೊಬೈಲನ್ನು ಡೇಟಾ ಕೇಬಲಿನಲ್ಲಿ ಕಂಪ್ಯೂಟರಿಗೆ ಸೇರಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಮೊಬೈಲಿನ ಇಂಟರ್ನೆಟ್ ಕಂಪ್ಯೂಟರಿಗೆ ಬರುತ್ತದೆ, ಡ್ರೈವರ್ ಇಳಿಸಿಕೊಳ್ಳಿ.

ಇಂಟರ್ನೆಟ್ ಬಂತು ಎಂದು ಅಲ್ಲಿಗೇ ಬಿಡಬೇಡಿ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ನೋಡಿ. ರೂಟರಿನಲ್ಲೂ ಗಿಗಾಬಿಟ್ ಪೋರ್ಟ್ ಇದ್ದರೆ 1000 ಎಂದು ಇರಬೇಕು. 100 ಎಂದು ಬಂದರೆ ತಪ್ಪು ಕಾರ್ಡಿನದ್ದಲ್ಲ, ಹೆಚ್ಚಾಗಿ ಕೇಬಲಿನದ್ದು. 100ಕ್ಕೆ ಕೇಬಲಿನ ನಾಲ್ಕು ಎಳೆ ಸಾಕು, 1000ಕ್ಕೆ ಎಂಟೂ ಬೇಕು. ಕನೆಕ್ಟರಿನಲ್ಲಿ ಒಂದು ಪಿನ್ ಕಿಲುಬು ಹಿಡಿದಿದ್ದರೂ ವೇಗ ಕುಸಿಯುತ್ತದೆ. ಹೊಸ ಕನೆಕ್ಟರ್ ಕ್ರಿಂಪ್ ಮಾಡಿಸಿ.

ಕಾರ್ಡ್ ಬದಲಾದಾಗ ಮ್ಯಾಕ್ ಅಡ್ರೆಸ್ (ಪ್ರತಿ ಲ್ಯಾನ್ ಚಿಪ್ಪಿನ ಗುರುತಿನ ಸಂಖ್ಯೆ) ಬದಲಾಗುತ್ತದೆ. ಕಾಲೇಜು, ಆಫೀಸಿನ ನೆಟ್‌ವರ್ಕಿನಲ್ಲಿ ಮೊದಲೇ ನೋಂದಾಯಿಸಬೇಕಿದ್ದರೆ ಹೊಸದನ್ನು ಕೊಡಿ. ಅಂಗಡಿಯಲ್ಲಿ ಬಿಲ್ಲಿಂಗ್ ಮೆಷಿನು, ಪ್ರಿಂಟರಿಗಾಗಿ ಸ್ಟ್ಯಾಟಿಕ್ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಹಾಕಿಟ್ಟಿದ್ದರೆ ಹೊಸ ಕಾರ್ಡಿಗೆ ಮತ್ತೆ ಹಾಕಬೇಕು. ಕೆಲವು ಸಾಫ್ಟ್‌ವೇರ್ ಲೈಸೆನ್ಸ್ ಹಳೆ ಮ್ಯಾಕ್ ಅಡ್ರೆಸ್ಸಿಗೆ ಕಟ್ಟಿರುತ್ತದೆ, ಆ ಕಂಪನಿಗೆ ಫೋನ್ ಮಾಡಬೇಕಾಗುತ್ತದೆ.

ಮತ್ತೆ ಸಿಡಿಲಿಗೆ ಕೊಡದಿರಲು

ಗುಡುಗು ದೂರದಲ್ಲಿ ಕೇಳುವಾಗಲೇ ಪವರ್ ಪ್ಲಗ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ತೆಗೆಯಿರಿ. ತಲೆ ಮೇಲೆ ಬಂದ ಮೇಲೆ ವೈರು ಮುಟ್ಟಲು ಹೋಗಬೇಡಿ, ಕಂಪ್ಯೂಟರಿಗಿಂತ ಜೀವ ದೊಡ್ಡದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಮೊಬೈಲಿನಲ್ಲಿದ್ದರೆ ಹತ್ತಿರ ಸಿಡಿಲಿನ ಸೂಚನೆ ಮೊದಲೇ ಸಿಗುತ್ತದೆ. ಮಳೆಗಾಲಕ್ಕೆ ಮೊದಲಿನ ಏಪ್ರಿಲ್, ಮೇ ಮತ್ತು ಮುಗಿದ ಮೇಲಿನ ಅಕ್ಟೋಬರ್, ನವೆಂಬರ್, ಈ ತಿಂಗಳುಗಳಲ್ಲಿ ಜಾಸ್ತಿ ಎಚ್ಚರ ಬೇಕು.

ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇನೆ ಎಂದು ಧೈರ್ಯದಲ್ಲಿರುವವರು ಅರ್ಥಿಂಗ್ ನೋಡಿಸಿಕೊಳ್ಳಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಅದರಿಂದ ಪೂರ್ತಿ ಪ್ರಯೋಜನ ಸಿಗುವುದಿಲ್ಲ. ಮಣಿಪಾಲ, ಕೊಣಾಜೆಯಂಥ ಮುರಕಲ್ಲಿನ ಗುಡ್ಡದ ಜಾಗದಲ್ಲಿ ಬೇಸಿಗೆಗೆ ನೆಲ ಒಣಗಿ ಅರ್ಥಿಂಗ್ ದುರ್ಬಲ ಆಗುತ್ತದೆ, ಸಿಡಿಲು ಬರುವುದೂ ಅದೇ ಹೊತ್ತಿಗೆ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಿ.

ಮತ್ತೆ ಮತ್ತೆ ಲ್ಯಾನ್ ಹೋಗುವ ಮನೆಯಾದರೆ ನಾನು ಲ್ಯಾನ್ ಕಾರ್ಡಿನ ಬದಲು ವೈಫೈ ಕಾರ್ಡನ್ನೇ ಹಾಕಿ ಎನ್ನುತ್ತೇನೆ. ರೂಟರಿಗೂ ಕಂಪ್ಯೂಟರಿಗೂ ನಡುವೆ ವೈರೇ ಇಲ್ಲದಿದ್ದರೆ ಆ ದಾರಿಯಿಂದ ಹೊಡೆತ ಬರುವಂತಿಲ್ಲ. ಹಾಕುವ ಕ್ರಮ ಇದೇ. ಬ್ಲೂಟೂತ್ ಕೂಡ ಬೇಕಾದರೆ ಕಾರ್ಡಿನ ಜತೆ ಬಂದ ಸಣ್ಣ ವೈರನ್ನು ಬೋರ್ಡಿನ 9 ಪಿನ್ ಯುಎಸ್‌ಬಿ ಹೆಡರಿಗೆ ಚುಚ್ಚಬೇಕು, ಇಲ್ಲದಿದ್ದರೆ ವೈಫೈ ಬಂದು ಬ್ಲೂಟೂತ್ ಬಾರದು. ಆಂಟೆನಾ ಎರಡನ್ನೂ ತಿರುಗಿಸಿ ಹಾಕಿ, ಗೋಡೆಯ ಕಡೆಯಿಂದ ಸ್ವಲ್ಪ ಈಚೆಗೆ ಇರಲಿ. ಲ್ಯಾಪ್‌ಟಾಪಿನಿಂದ ತೆಗೆದ ಇಂಟೆಲ್ ವೈಫೈ ಮಾಡ್ಯೂಲನ್ನು ಸ್ಲಾಟಿಗೆ ಹೊಂದಿಸುವ ಅಡಾಪ್ಟರ್ ಕಾರ್ಡಿನಲ್ಲಿ ಹಾಕುವ ಯೋಚನೆ ಇದ್ದರೆ ಎಎಕ್ಸ್200 ಅಥವಾ ಎಎಕ್ಸ್210 ಆಗುತ್ತದೆ. ಎಎಕ್ಸ್201, ಎಎಕ್ಸ್211 ಈ ಅಡಾಪ್ಟರುಗಳಲ್ಲಿ ಓಡುವುದಿಲ್ಲ.

ಕೊನೆಗೆ, ಮಳೆಗಾಲದಲ್ಲಿ ಕಂಪ್ಯೂಟರನ್ನು ಮುಚ್ಚಿಟ್ಟು ಮರೆಯಬೇಡಿ. ಗುಡುಗು ಇಲ್ಲದ ದಿನ ನೋಡಿ ವಾರಕ್ಕೆ ಒಂದೆರಡು ಸಲ ಗಂಟೆ ಹೊತ್ತು ಆನ್ ಇಡಿ. ಒಳಗಿನ ಬಿಸಿಗೆ ತೇವ ಆರುತ್ತದೆ, ಹೊಸ ಕಾರ್ಡಿನ ಪಿನ್ನೂ ಕಿಲುಬು ಹಿಡಿಯದೆ ಉಳಿಯುತ್ತದೆ.